ಬಯಲುಸೀಮೆಯಲ್ಲಿ ಕಡಲು ಸಾಕುವವರಿಗೆ ಒಂದು ಬಹಿರಂಗ ಪತ್ರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಮನೆಯೊಳಗೆ ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ, ಇಡಬೇಕೆಂದು ಲೆಕ್ಕ ಹಾಕುತ್ತಿರುವ ಎಲ್ಲ ಹವ್ಯಾಸಿಗಳಿಗೆ,



ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅದು ಬಿಟ್ಟುಹೋದ ಜಾಗಕ್ಕೆ ಸೆಕೆ ಬಂದು ಕೂತರೆ ನಿಮ್ಮ ಟ್ಯಾಂಕಿನ ನೀರಿಗೂ ಅದು ತಟ್ಟದೆ ಬಿಡದು. ಬೆಳಿಗ್ಗೆ 26 ಡಿಗ್ರಿ ಸೆಲ್ಸಿಯಸ್ ತೋರಿಸಿದ ಥರ್ಮಾಮೀಟರ್ ರಾತ್ರಿ ಊಟದ ಹೊತ್ತಿಗೆ 30ರ ಹತ್ತಿರ ನಿಂತಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಅಂಗಡಿಗೆ ಫೋನ್ ಮಾಡಿದರೆ ‘ಚಿಲ್ಲರ್ ಹಾಕಿಸಿಬಿಡಿ ಸರ್’ ಎಂಬ ಒಂದೇ ಉತ್ತರ. ನೀರು ತಣಿಸುವ ಆ ಯಂತ್ರದ ಬೆಲೆ ಕೇಳಿದ ಮೇಲೆ ಮನೆಯವರಿಗೆ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಈ ಪತ್ರದ ಮೊದಲ ಕೋರಿಕೆ ಇದು: ದುಡ್ಡು ಬಿಚ್ಚುವ ಮೊದಲು ನಿಮ್ಮೂರಿನ ಆಸುಪಾಸಿನ ಯಾವುದಾದರೂ ರೇಷ್ಮೆ ಹುಳು ಮನೆಗೆ ಒಮ್ಮೆ ಹೋಗಿ ಬನ್ನಿ. ತನ್ನ ಮೈಯನ್ನು ತಾನೇ ತಂಪು ಮಾಡಿಕೊಳ್ಳಲಾಗದ ಜೀವವನ್ನು ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಗೋಡೆಗಳ ನಡುವೆ ಉಳಿಸಿಕೊಳ್ಳುವ ವಿದ್ಯೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ಇದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿ ನಿಂತಿರುವುದೇ ಆ ವಿದ್ಯೆಯ ಮೇಲೆ. ಸಮುದ್ರವನ್ನೇ ನೋಡದ ರೈತ ಹವಳದ ಟ್ಯಾಂಕಿಗೆ ಏನು ಹೇಳಿಕೊಟ್ಟಾನು ಎಂದು ನಗಬೇಡಿ. ಮುಂದೆ ಬರುವ ಅಂಕಿಗಳನ್ನು ನೋಡಿ.

ಬೇಸಿಗೆಯ ಮಧ್ಯಾಹ್ನ ಹುಳು ಮನೆಯ ಬಾಗಿಲಲ್ಲಿ ನಿಂತರೆ ಮೊದಲು ಮೂಗಿಗೆ ಬಡಿಯುವುದು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿರುತ್ತಾರೆ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿರುತ್ತಾರೆ. ನೆಲಕ್ಕೆ ಆಗಾಗ ನೀರು ಚಿಮುಕಿಸುತ್ತಾರೆ, ಆದರೆ ಗಾಳಿ ಆಡಲು ಮೇಲಿನ ಕಿಂಡಿಗಳನ್ನು ತೆರೆದೇ ಇಡುತ್ತಾರೆ. ಗೋಡೆಯ ಮೇಲೆ, ಹುಳು ಇರುವ ಎತ್ತರದಲ್ಲೇ, ಒಂದು ಹಲಗೆಗೆ ಕೂರಿಸಿದ ಜೋಡಿ ಥರ್ಮಾಮೀಟರ್ ಇರುತ್ತದೆ. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ಪುಟ್ಟ ನೀರಿನ ಡಬ್ಬಿಗೆ ಬಿಟ್ಟಿರುತ್ತಾರೆ. ಬರಿ ಬುಡದ ಕಡ್ಡಿ ಕೋಣೆಯ ಬಿಸಿ ಹೇಳುತ್ತದೆ. ಬತ್ತಿ ಸುತ್ತಿದ ಕಡ್ಡಿ, ಆ ಗಾಳಿಗೆ ನೀರು ಆರಿ ಎಷ್ಟು ತಂಪಾಗಬಲ್ಲದು ಎಂಬುದನ್ನು ಹೇಳುತ್ತದೆ. ಎರಡರ ನಡುವಿನ ಅಂತರ ನೋಡಿ ರೈತ ಗೋಣಿತಾಟಿಗೆ ನೀರು ಹಾಕುವುದೋ ಬೇಡವೋ ಎಂದು ತೀರ್ಮಾನಿಸುತ್ತಾನೆ.

ಚಾಕಿ ಹುಳುವಿಗೆ, ಅಂದರೆ ಮೊದಲ ಎರಡು ಜ್ವರ (ಪೊರೆ ಬಿಡುವ ಹಂತ) ಮುಗಿಯುವ ತನಕದ ಎಳೆ ಹುಳುವಿಗೆ, 26ರಿಂದ 28 ಡಿಗ್ರಿ ಬಿಸಿ, ನೂರಕ್ಕೆ 80ರಿಂದ 90ರಷ್ಟು ತೇವ ಬೇಕು. ಬೆಳೆದಂತೆ ಎರಡನ್ನೂ ಇಳಿಸುತ್ತ ಬರಬೇಕು. ಕೊನೆಯ ಹಂತದ ಹುಳುವಿಗೆ 23ರಿಂದ 25 ಡಿಗ್ರಿ, 70ರಷ್ಟು ತೇವ ಸಾಕು. ಬಿಸಿ ಏರಿದರೆ ಸಪ್ಪೆ ರೋಗ ಕಾಣಿಸಿಕೊಳ್ಳುತ್ತದೆ. ಹಗಲು ರಾತ್ರಿಗೆ ಬಿಸಿ ಜಿಗಿದಾಡಿದರೆ ಹಾಲುತೊಂಡೆಗೆ ದಾರಿಯಾಗುತ್ತದೆ. ಚಳಿಯ ಜೊತೆ ತೇವ ಕೂಡಿದರೆ ಸುಣ್ಣಕಟ್ಟು ಬರುತ್ತದೆ. ಈಗ ನಿಮ್ಮ ಟ್ಯಾಂಕಿನ ಅಂಕಿ ನೋಡಿ. ಹವಳ, ಕ್ಲೌನ್‌ಫಿಶ್, ಸೀಗಡಿ ಇರುವ ಉಪ್ಪುನೀರಿನ ಟ್ಯಾಂಕಿಗೆ ಪ್ರಪಂಚದಾದ್ಯಂತ ಹವ್ಯಾಸಿಗಳು ಇಟ್ಟುಕೊಳ್ಳುವ ಮಿತಿ 24ರಿಂದ 27 ಡಿಗ್ರಿ. ದಿನದ ಏರಿಳಿತ ಒಂದು ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಕಡಲ ಜೀವಕ್ಕೂ ಹಿಪ್ಪುನೇರಳೆ ತಿನ್ನುವ ಹುಳುವಿಗೂ ಸಂಬಂಧವೇ ಇಲ್ಲ. ಆದರೂ ಎರಡನ್ನೂ ಸಾಕುವವರು ಹೋರಾಡುವುದು ಥರ್ಮಾಮೀಟರಿನ ಅದೇ ನಾಲ್ಕೈದು ಗೆರೆಗಳ ಜಾಗಕ್ಕೆ.

ಆ ಗೆರೆ ದಾಟಿದರೆ ಆಗುವುದೇನು? ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬೆಳಕು ಕುಡಿದು ಅದು ತಯಾರಿಸುವ ಆಹಾರವೇ ಹವಳದ ಬಹುಪಾಲು ಊಟ, ಅದರ ಬಣ್ಣವೇ ಹವಳದ ಬಣ್ಣ. ನೀರು ಮಿತಿ ಮೀರಿ ಬಿಸಿಯಾದಾಗ ಪಾಚಿಯ ಆಹಾರ ತಯಾರಿಕೆ ಕೆಡುತ್ತದೆ, ಬದಲಿಗೆ ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರಗೆ ದಬ್ಬುತ್ತದೆ. ಬಣ್ಣ ಹೋಗಿ ಕೆಳಗಿನ ಸುಣ್ಣದ ಅಸ್ಥಿ ಬಿಳಿಯಾಗಿ ಕಾಣುತ್ತದೆ. ಆ ಹೊತ್ತಿಗಿನ್ನೂ ಅದು ಸತ್ತಿರುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮತ್ತೆ ಕೂಡಿಕೊಳ್ಳಬಹುದು, ತಣಿಯದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ.

ಇದನ್ನು ಅಳೆಯಲು ಅಮೆರಿಕದ ಸಾಗರ ಸಂಸ್ಥೆ ನೋವಾ ಒಂದು ಲೆಕ್ಕ ಇಟ್ಟುಕೊಂಡಿದೆ. ಒಂದು ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳಿನ ವಾಡಿಕೆ ಸರಾಸರಿಗಿಂತ ನೀರು ಒಂದು ಡಿಗ್ರಿ ಮೇಲೇರಿ ಒಂದು ವಾರ ನಿಂತರೆ ಒಂದು ಅಂಕ. ನಾಲ್ಕು ಅಂಕ ಕೂಡಿದರೆ ಹವಳ ಬಿಳಿಚಲು ತೊಡಗುತ್ತದೆ, ಎಂಟಾದರೆ ದೊಡ್ಡ ಪ್ರಮಾಣದ ಸಾವು. ಅರಬ್ಬಿ ಸಮುದ್ರದ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರ ಬೇಸಿಗೆಯಲ್ಲಿ ಮತ್ತೆ ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಹವಳ ಬಿಳಿಚುತ್ತಿರುವ ನಾಲ್ಕನೇ ಘಟನೆ ಇದೆಂದು ಪ್ರಕಟಿಸಿದರು. ಈ ಪೈಕಿ ಕೊನೆಯ ಎರಡು ವರ್ಷಗಳು ನಿಮಗೂ ನೆನಪಿರಬೇಕು. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಪೆಸಿಫಿಕ್ ಸಾಗರದ ಎಲ್ ನಿನೋ ಎರಡೂ ಸಲ ಕಡಲನ್ನೂ ಕಾಯಿಸಿತು, ನಮ್ಮ ಬಯಲನ್ನೂ ಕಾಯಿಸಿತು. ಲಕ್ಷದ್ವೀಪದ ಹವಳಕ್ಕೆ ಕಷ್ಟ ಬರುವ ವರ್ಷವೇ ರಾಮನಗರದ ಗಾಜಿನ ಟ್ಯಾಂಕಿಗೂ ಕಷ್ಟ ಬರುತ್ತದೆ ಎಂದಾಯಿತು. ಹವಾಮಾನ ಇಲಾಖೆ ಎಲ್ ನಿನೋ ಸುದ್ದಿ ಹೇಳಿದಾಗ ಮಳೆಗೆ ಕಾಯುವ ರೈತ ಕಿವಿ ನಿಮಿರಿಸುತ್ತಾನೆ. ನೀವೂ ಕೇಳಿಸಿಕೊಳ್ಳಬೇಕಾದ ಸುದ್ದಿ ಅದು.

ಹವಳದ ಮಾತು ಬಂದ ಮೇಲೆ ಕಾನೂನಿನ ಮಾತನ್ನು ಮುಚ್ಚಿಟ್ಟುಕೊಳ್ಳಲಾಗದು. ಬಂಡೆ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂಥ ಸೀ ಫ್ಯಾನ್, ಕಡಲ್ಗುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ 1ಕ್ಕೆ 2001ರಲ್ಲೇ ಸೇರಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ಹವಳ ನೋಡಿ ಬರಬಹುದು, ಒಂದು ತುಂಡನ್ನೂ ತರುವಂತಿಲ್ಲ. ಗಟ್ಟಿ ಹವಳಗಳು ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲೂ ಇವೆ. ಆದ್ದರಿಂದ ‘ಇದು ಫಾರಿನ್ ಮಾಲು ಸರ್’ ಎಂಬ ಮಾತಿಗೆ ಕಾಗದಪತ್ರ ಇಲ್ಲದೆ ಬೆಲೆ ಇಲ್ಲ. ಕ್ಲೌನ್‌ಫಿಶ್ ವಿಷಯದಲ್ಲಿ ಒಳ್ಳೆಯ ದಾರಿಯೇ ಇದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅವುಗಳ ಮರಿ ಮಾಡಿಸುವ ತಂತ್ರ ರೂಢಿಸಿದ್ದು, ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳು ಸಿಗುತ್ತವೆ. ಒಣ ಕಲ್ಲು ಅಥವಾ ಕೃತಕ ಹವಳ ಜೋಡಿಸಿ, ಹ್ಯಾಚರಿ ಮೀನು ಬಿಟ್ಟ ಟ್ಯಾಂಕಿಗೂ ಬೇಕಾದ ಬಿಸಿ ಅದೇ 24ರಿಂದ 27 ಡಿಗ್ರಿ. ಈ ಪತ್ರ ಅಂಥ ಟ್ಯಾಂಕನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ.

ಇನ್ನು ತಂಪು ಮಾಡುವ ಲೆಕ್ಕ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಎಂದಿಟ್ಟುಕೊಳ್ಳಿ. ತುಂಬಿದರೆ ಸುಮಾರು 190 ಲೀಟರ್. ಸೆಕೆ ಏರಿದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಫ್ರೀಜರಿನಿಂದ ಒಂದು ಲೀಟರಿನ ಐಸ್ ಬಾಟಲಿ ತಂದು ತೇಲಿಬಿಡುವುದು. ಆ ಬಾಟಲಿ ಪೂರ್ತಿ ಕರಗಿ ಟ್ಯಾಂಕಿನ ಬಿಸಿಗೆ ಬರುವಷ್ಟರಲ್ಲಿ ನೀರು ಇಳಿಯುವುದು ಅರ್ಧ ಡಿಗ್ರಿ ಚಿಲ್ಲರೆ ಮಾತ್ರ. ಅದೇ ಟ್ಯಾಂಕಿನಿಂದ ಒಂದು ಲೀಟರ್ ನೀರು ಆವಿಯಾಗಿ ಹೋದರೆ ಉಳಿದ ನೀರಿನಿಂದ ಅದು ಎಳೆದೊಯ್ಯುವ ಶಾಖ ಸುಮಾರು 3 ಡಿಗ್ರಿ ಇಳಿಸುವಷ್ಟು. ಐಸಿಗಿಂತ ಐದು ಪಟ್ಟಿಗೂ ಹೆಚ್ಚು! ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದೂ ಈ ಲೆಕ್ಕದ ಮೇಲೆಯೇ. ಮಡಕೆಗೆ ಸೂಕ್ಷ್ಮ ರಂಧ್ರಗಳಿವೆ. ಗಾಜಿನ ಟ್ಯಾಂಕಿಗೆ ಅವು ಇಲ್ಲದ್ದರಿಂದ ನೀರಿನ ಮೇಲ್ಮೈಗೆ ಫ್ಯಾನ್ ಬೀಸಬೇಕು.

ಕಂಪ್ಯೂಟರಿನೊಳಗಿನ 12 ವೋಲ್ಟಿನ ಎರಡು ಪುಟ್ಟ ಫ್ಯಾನುಗಳೂ ಆಗುತ್ತವೆ, ಕ್ಲಿಪ್ ಹಾಕುವ ಸಣ್ಣ ಟೇಬಲ್ ಫ್ಯಾನೂ ಆಗುತ್ತದೆ. ಗಾಳಿ ನೀರಿನ ಮೇಲೆ ಓರೆಯಾಗಿ ಸವರಿಕೊಂಡು ಹೋಗುವಂತೆ ಕೂರಿಸಿ. ಗಾಜಿನ ಮುಚ್ಚಳ ಇದ್ದರೆ ಆವಿ ಒಳಗೇ ತಂಗಿ ಫ್ಯಾನಿನ ಶ್ರಮ ವ್ಯರ್ಥ. ಮುಚ್ಚಳ ತೆಗೆದು ಕಿಟಕಿಗೆ ಹಾಕುವ ಜಾಲರಿ ಬಿಗಿಯಿರಿ, ಇಲ್ಲವಾದರೆ ಮೀನು ನೆಲಕ್ಕೆ ಹಾರುತ್ತದೆ. ಒಂದು ಟೆಂಪರೇಚರ್ ಕಂಟ್ರೋಲರ್ ತಂದು, 26.5 ಡಿಗ್ರಿಗೆ ಫ್ಯಾನ್ ಶುರುವಾಗಿ 26ಕ್ಕೆ ನಿಲ್ಲುವಂತೆ ಕಟ್ಟಿಬಿಟ್ಟರೆ ನೀವು ಕೆಲಸಕ್ಕೆ ಹೋದಾಗಲೂ ಅದು ತನ್ನ ಪಾಡಿಗೆ ನೋಡಿಕೊಳ್ಳುತ್ತದೆ.

ಫ್ಯಾನ್ ಎಷ್ಟು ತಂಪು ಮಾಡಬಲ್ಲದು ಎಂಬುದಕ್ಕೆ ಒಂದು ತಳವಿದೆ, ಆ ತಳವನ್ನು ತೋರಿಸುವುದು ಹುಳು ಮನೆಯ ಬತ್ತಿ ಸುತ್ತಿದ ಕಡ್ಡಿ. ಏಪ್ರಿಲ್ ಮಧ್ಯಾಹ್ನ ಕೋಣೆಯಲ್ಲಿ 36 ಡಿಗ್ರಿ ಬಿಸಿ, 25ರಷ್ಟು ತೇವ ಇದ್ದರೆ ಒದ್ದೆ ಕಡ್ಡಿ 21-22ರ ಸುಮಾರಿಗೆ ನಿಲ್ಲುತ್ತದೆ. ಅಂತರ 14 ಡಿಗ್ರಿ. ಇಷ್ಟು ಅಂತರ ಇರುವಾಗ ಫ್ಯಾನಿಗೆ ಟ್ಯಾಂಕನ್ನು 27ರ ಆಸುಪಾಸಿಗೆ ತರುವ ಶಕ್ತಿ ಇರುತ್ತದೆ. ಕಡಲ ತೀರದ ಮಂಗಳೂರಿನಲ್ಲಿ 33 ಡಿಗ್ರಿ ಬಿಸಿ, 70ರಷ್ಟು ತೇವ ಇದ್ದರೆ ಒದ್ದೆ ಕಡ್ಡಿಯೇ 28ರಲ್ಲಿರುತ್ತದೆ. ಅಲ್ಲಿ ಎಷ್ಟು ಫ್ಯಾನ್ ಬೀಸಿದರೂ ನೀರು ಅದರ ಕೆಳಗಿಳಿಯದು. ಅಲ್ಲಿನವರು ಚಿಲ್ಲರ್ ಇಲ್ಲದೆ ಆಗದು ಎಂದರೆ ಅವರ ಊರಿಗೆ ಆ ಮಾತು ಸರಿ. ಚೆನ್ನೈನವರ, ಕೊಚ್ಚಿಯವರ ಅನುಭವವನ್ನು ಅಂಗಡಿಯವರು ಹಾಗೇ ಬಯಲುಸೀಮೆಗೆ ತಂದು ಹೇಳಿದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಕೋಣೆಯ ಒಣ ಕಡ್ಡಿ ಎಷ್ಟು, ಒದ್ದೆ ಕಡ್ಡಿ ಎಷ್ಟು?

ಹಾಗೆಂದು ವರ್ಷವಿಡೀ ಇದೇ ಉಪಾಯ ನಡೆಯುತ್ತದೆ ಎಂದುಕೊಳ್ಳಬೇಡಿ. ಜುಲೈನಲ್ಲಿ ಮೋಡ ಕವಿದು 28 ಡಿಗ್ರಿ ಬಿಸಿಗೆ 75ರಷ್ಟು ತೇವ ಸೇರಿದರೆ ಒದ್ದೆ ಕಡ್ಡಿ 24ರ ಮೇಲಿರುತ್ತದೆ, ಅಂತರ ಮೂರೂವರೆ ಡಿಗ್ರಿಗೆ ಇಳಿಯುತ್ತದೆ. ಹುಳು ಮನೆಯಲ್ಲಿ ಮಳೆಗಾಲಕ್ಕೆ ಗೋಣಿತಾಟು ಒಳಗೆ ಸೇರುತ್ತದೆ, ಹುಳುವಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಎರಚಿ ತೇವ ಹೀರಿಸುತ್ತಾರೆ. ನಿಮ್ಮ ಫ್ಯಾನಿಗೂ ಆಗ ವಿಶ್ರಾಂತಿ. ಅದೃಷ್ಟಕ್ಕೆ ಆ ತಿಂಗಳುಗಳಲ್ಲಿ ನೀರು ಕಾಯುವುದೂ ಕಡಿಮೆ. ತೇವವೂ ಇದ್ದು ಬಿಸಿಯೂ ಇರುವ ಕೆಲವು ದಿನ, ಮೇ ತಿಂಗಳಲ್ಲಿ ಗುಡುಗು ಮಳೆ ಬಂದುಹೋದ ಮರುದಿನದಂಥವು, ನಿಜಕ್ಕೂ ಪರೀಕ್ಷೆಯ ದಿನಗಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿದರೂ ಇದೇ ಪಾಡು: ಟ್ಯಾಂಕಿನಿಂದೆದ್ದ ಆವಿಯೇ ಕೋಣೆ ತುಂಬಿ ಒದ್ದೆ ಕಡ್ಡಿಯನ್ನು ಮೇಲೇರಿಸುತ್ತದೆ. ರೈತ ಮೇಲಿನ ಕಿಂಡಿ ತೆರೆದಿಡುವುದು ಇದಕ್ಕೇ.

ತಂಪಿಗೆ ಬೆಲೆಯೂ ಇದೆ, ಅದನ್ನು ನೀರಿನ ರೂಪದಲ್ಲಿ ಕಟ್ಟಬೇಕು. ಮೇಲೆ ಹೇಳಿದ ಅಳತೆಯ ಟ್ಯಾಂಕಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿಯಿತೆಂದರೆ 4 ಲೀಟರ್ ಹೋಗಿದೆ ಎಂದರ್ಥ. ಫ್ಯಾನ್ ಬೀಸುವ ಏಪ್ರಿಲ್ ರಾತ್ರಿ ಗಾಜಿನ ಅಂಚಿನಲ್ಲಿ ಬೆರಳಾಡಿಸಿ ನೋಡಿ, ಹಿಂದಿನ ದಿನದ ನೀರಿನ ಗೆರೆಗೂ ಇಂದಿನ ಗೆರೆಗೂ ನಡುವೆ ಬಿಳಿ ಉಪ್ಪಿನ ಪೊರೆ ಒರಟೊರಟಾಗಿ ಸಿಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಕಡಲ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪು. 4 ಲೀಟರ್ ಹೋದರೆ ಅದು 35.7ಕ್ಕೆ ಏರುತ್ತದೆ, ಮೂರು ದಿನ ನಿರ್ಲಕ್ಷಿಸಿದರೆ 37 ದಾಟುತ್ತದೆ. ಆದ್ದರಿಂದ ಹೋದಷ್ಟು ನೀರನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ಕೆಟ್ಟಿತು. ತೇಲುಬುರುಡೆ ಇಟ್ಟ ಆಟೊ ಟಾಪ್-ಅಪ್ ಇದ್ದರೆ ಒಂದೇ ಸಲ ಸುರಿಯುವ ಬದಲು ಲೋಟದಷ್ಟು ಲೋಟದಷ್ಟು ಸೇರುತ್ತ ಹೋಗುತ್ತದೆ.

ಯಾವ ಸಿಹಿನೀರು ಎಂಬುದೂ ಈ ಊರುಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಲ್ಲಿನ ಬೆಟ್ಟಗಳ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಬಂಡೆಯ ಬಿರುಕುಗಳಲ್ಲಿ ನಿಂತ ನೀರೇ ಬೋರ್‌ವೆಲ್ಲಿನಲ್ಲಿ ಬರುವುದು, ಸಾಮಾನ್ಯವಾಗಿ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ನೀರನ್ನು ಬೇಸಿಗೆಯಿಡೀ ದಿನಕ್ಕೆ ಮೂರ್ನಾಲ್ಕು ಲೀಟರ್ ಟ್ಯಾಂಕಿಗೆ ಸುರಿದರೆ ಅದರೊಳಗಿನ ಲವಣಗಳೂ ಅಲ್ಲೇ ಶೇಖರವಾಗುತ್ತ ಹೋಗುತ್ತವೆ. ಆರ್‌ಒ ನೀರೇ ಆಗಬೇಕು, ಅದನ್ನೂ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿಯೇ ಹಾಕಬೇಕು. ಕುಡಿಯಲು ಮನೆಯಲ್ಲಿರುವ ಆರ್‌ಒ ಯಂತ್ರದಲ್ಲಿ ರುಚಿಗೆಂದು ಲವಣ ಮರಳಿ ಸೇರಿಸುವ ಕಾರ್ಟ್ರಿಜ್ ಇದ್ದರೆ ಅದರ ಮುಂಚಿನ ನೀರನ್ನು ಹಿಡಿಯಿರಿ. ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು ಬಳಸಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಬೀದಿಯಲ್ಲಿ ಮೀನಿಗೆಂದು ನೀರು ಪೋಲು ಮಾಡಿದ ಮನೆ ಎನಿಸಿಕೊಳ್ಳುವುದು ಬೇಡ.

ಟ್ಯಾಂಕನ್ನು ಎಲ್ಲಿಟ್ಟಿದ್ದೀರಿ? ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ಅದನ್ನು ಕೋಣೆಗೆ ಬಿಡುವುದು ಸಂಜೆಯ ಮೇಲೆ. ಹೊರಗೆ ತಂಪು ಗಾಳಿ ಬೀಸುವ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಒಳಗೆ ಸೆಕೆ ತಾರಕಕ್ಕೇರುವುದು ಇದೇ ಕಾರಣಕ್ಕೆ. ಮಧ್ಯಾಹ್ನ ಎರಡಕ್ಕೆ ಥರ್ಮಾಮೀಟರ್ ನೋಡಿ ಸಮಾಧಾನಪಟ್ಟುಕೊಂಡವರು ಮೋಸ ಹೋಗುತ್ತಾರೆ. ನೋಡಬೇಕಾದ ಹೊತ್ತು ಎರಡು: ರಾತ್ರಿ ಒಂಬತ್ತು, ಬೆಳಗಿನ ಆರು. ಪಶ್ಚಿಮದ ಗೋಡೆ, ಮೇಲಿನ ಮಹಡಿ, ಅಡುಗೆಮನೆಯ ಪಕ್ಕ, ಬಿಸಿಲು ನೇರ ಬೀಳುವ ಕಿಟಕಿ ಇವು ಟ್ಯಾಂಕಿಗೆ ಆಗಿಬಾರದ ಜಾಗಗಳು. ತಾರಸಿಗೆ ಬಿಳಿ ಬಣ್ಣ ಬಳಿಸುವುದು, ಮೇಲೆ ತೆಂಗಿನ ಗರಿಯನ್ನೋ ಹಸಿರು ಶೇಡ್ ನೆಟ್ಟನ್ನೋ ಹೊದಿಸುವುದು ಹುಳು ಮನೆಯಿಂದ ಹಾಗೇ ಎರವಲು ತರಬಹುದಾದ ಕೆಲಸಗಳು. ಇದರಿಂದ ಮೀನಿಗಷ್ಟೇ ಅಲ್ಲ, ಆ ಕೋಣೆಯಲ್ಲಿ ಮಲಗುವವರಿಗೂ ನಿದ್ದೆ ಬರುತ್ತದೆ.

ಟ್ಯಾಂಕಿನೊಳಗೇ ಶಾಖ ಹುಟ್ಟಿಸುವ ವಸ್ತುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿನಲ್ಲಿ ಮುಳುಗಿ ಓಡುವ 50 ವ್ಯಾಟಿನ ಪಂಪು ಆ 190 ಲೀಟರನ್ನು ನಾಲ್ಕು ಗಂಟೆಗೆ ಒಂದು ಡಿಗ್ರಿಯಂತೆ ಕಾಯಿಸುವಷ್ಟು ಶಾಖ ಕೊಡುತ್ತದೆ. ಕಡಿಮೆ ವ್ಯಾಟಿನ ಡಿಸಿ ಪಂಪು ಕೊಂಡರೆ ಕರೆಂಟ್ ಬಿಲ್ಲೂ ಉಳಿಯುತ್ತದೆ, ತಂಪೂ ಉಳಿಯುತ್ತದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪ ಇನ್ನೂ ಇದ್ದರೆ ಎಲ್‌ಇಡಿಗೆ ಬದಲಾಯಿಸಿ. ಸೆಕೆ ವಿಪರೀತವಾದ ವಾರ ದೀಪದ ಅವಧಿಯನ್ನು ಕಡಿತ ಮಾಡಿ, ಹಗಲು ಉರಿಸುವ ಬದಲು ಬೆಳಗಿನ ಜಾವಕ್ಕೆ ಬದಲಾಯಿಸಿ.

ಕರೆಂಟ್ ಹೋದಾಗ ಏನು ಗತಿ? ಬೇಸಿಗೆಯ ಮಳೆಗಾಳಿಗೆ ಮರ ಬಿದ್ದು ತಂತಿ ಹರಿದ ರಾತ್ರಿಗಳಲ್ಲಿ ಮೀನು ಸಾಯುವುದು ಬಿಸಿಗಿಂತ ಮೊದಲು ಉಸಿರಿಲ್ಲದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಕಡಲ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 6.7 ಮಿಲಿಗ್ರಾಂ, 30 ಡಿಗ್ರಿಯಲ್ಲಿ 6.2. ಹಿಡಿತ ಕಡಿಮೆಯಾಗುವ ಹೊತ್ತಿಗೇ ಮೀನಿನ ಬೇಡಿಕೆ ಏರುತ್ತದೆ, ನೀರು ಕದಲಿಸುವ ಪಂಪೂ ನಿಂತಿರುತ್ತದೆ. ಹಾಗಾಗಿ ಮನೆಯ ಇನ್ವರ್ಟರಿಗೆ ಮೊದಲು ಸೇರಬೇಕಾದ್ದು ನೀರು ತಿರುಗಿಸುವ ಪಂಪು, ಆಮೇಲೆ ಫ್ಯಾನ್. ಎರಡೂ ಸೇರಿ ಹಳೆಯ ಕಾಲದ ಒಂದು ಬಲ್ಬಿನಷ್ಟು ಕರೆಂಟ್ ತಿನ್ನುತ್ತವೆ. ಚಿಲ್ಲರ್ ಮತ್ತು ಹೀಟರನ್ನು ಇನ್ವರ್ಟರಿಗೆ ಸೇರಿಸಿದರೆ ಬ್ಯಾಟರಿ ಬೇಗ ಕೈಕೊಡುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಗಾಳಿ ಪಂಪೊಂದನ್ನು ಸ್ಟ್ಯಾಂಡಿನ ಕೆಳಗಿಡಿ. ಉಪ್ಪುನೀರು ಮತ್ತು ಕರೆಂಟ್ ಒಂದೇ ಜಾಗದಲ್ಲಿರುವಾಗ ಅರ್ಥಿಂಗ್ ಸರಿಯಿರಬೇಕು, ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಬೇಕು. ವೈರಿನ ಮೇಲೆ ಹರಿದ ಹನಿ ಆಗ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಮಾಗಡಿಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಾವನದುರ್ಗದ ಮಗ್ಗುಲಿನ ನಿಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಕನಕಪುರ ಅದಕ್ಕಿಂತ ಇನ್ನೂರೈವತ್ತು ಮೀಟರಿಗೂ ಹೆಚ್ಚು ತಗ್ಗು. ಆ ಎತ್ತರಕ್ಕೆ ಗಾಳಿಯ ಬಿಸಿಯಲ್ಲಿ ಒಂದೂವರೆ ಡಿಗ್ರಿಯಷ್ಟಾದರೂ ವ್ಯತ್ಯಾಸ ಸಹಜ. ಕನಕಪುರದವರು ಏಪ್ರಿಲಿಗೆ ಹೆದರುವಷ್ಟೇ ನೀವು ಧನುರ್ಮಾಸದ ರಾತ್ರಿಗಳಿಗೆ ಹೆದರಬೇಕು. ಲೀಟರಿಗೆ ಒಂದು ವ್ಯಾಟ್ ಎಂಬ ಅಂದಾಜಿನಲ್ಲಿ ಹೀಟರ್ ಇಡುವುದು ವಾಡಿಕೆ, ಆದರೆ 200 ವ್ಯಾಟಿನ ಒಂದರ ಬದಲು 100 ವ್ಯಾಟಿನ ಎರಡು ಇಡಿ. ಹೀಟರಿನೊಳಗಿನ ಸ್ವಿಚ್ಚು ಅಂಟಿಕೊಂಡು ಆನ್ ಆಗಿಯೇ ಉಳಿಯುವುದು ಈ ಹವ್ಯಾಸದ ಹಳೆಯ ಪೀಡೆ. ದೊಡ್ಡದೊಂದು ಹಾಗೆ ಅಂಟಿದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಸಾರಿನ ಪಾತ್ರೆಯಾಗುತ್ತದೆ. ಸಣ್ಣದೊಂದು ಅಂಟಿದರೆ ಸರಿಪಡಿಸಲು ಸಮಯ ಸಿಗುತ್ತದೆ. ಹೀಟರನ್ನೂ ಹೊರಗಿನ ಕಂಟ್ರೋಲರ್ ಮೂಲಕವೇ ಓಡಿಸಿ.

ಇಷ್ಟೆಲ್ಲ ಮಾಡಿಯೂ ನೀರು ದಿನಗಟ್ಟಲೆ 28ರ ಮೇಲೇ ನಿಂತರೆ ಚಿಲ್ಲರ್ ತರುವುದೇ ಸರಿ. ಫ್ರಿಜ್ಜಿನಂತೆ ಅದೂ ನೀರಿನಿಂದ ತೆಗೆದ ಶಾಖವನ್ನು ಹೊರಗೆ ಊದುತ್ತದೆ. ಟ್ಯಾಂಕಿನ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಕೂರಿಸಿದರೆ ತನ್ನದೇ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಂಡು ದಿನವಿಡೀ ಓಡುತ್ತದೆ. ಸಾಧ್ಯವಾದರೆ ಪೈಪ್ ಎಳೆದು ಗಾಳಿಯಾಡುವ ಪಡಸಾಲೆಯಲ್ಲೋ ಬಾಲ್ಕನಿಯ ನೆರಳಿನಲ್ಲೋ ಇಡಿ.

ಹುಳು ಸಾಕುವವರಿಂದ ಕಲಿಯಬೇಕಾದ್ದು ಇನ್ನೆರಡಿವೆ. ಒಂದು, ಕಾಲ ನೋಡಿ ತಳಿ ಆರಿಸುವುದು. ನಾಜೂಕಿನ ದ್ವಿತಳಿ ಬೆಳೆಯನ್ನು ತಂಪು ತಿಂಗಳುಗಳಿಗೆ ಇಟ್ಟುಕೊಂಡು, ಸೆಕೆಗೆ ಜಗ್ಗದ ಮೈಸೂರು ತಳಿಯ ರಕ್ತವಿರುವ ಮಿಶ್ರತಳಿಯನ್ನು ಬೇಸಿಗೆಗೆ ಕಟ್ಟುವವರು ಇಲ್ಲಿ ಬಹಳ. ನೀವೂ ಕಾಲ ನೋಡಿಯೇ ಶುರುಮಾಡಿ: ಹೊಸ ಟ್ಯಾಂಕನ್ನು ಫೆಬ್ರವರಿಯಲ್ಲಿ ಹೂಡಿದರೆ ಅದರ ನೀರು ಹದಕ್ಕೆ ಬರುವ ಮೊದಲೇ ಬಿಸಿಲು ಬರುತ್ತದೆ. ಜೂನ್ ಜುಲೈನಲ್ಲಿ ಹೂಡಿದರೆ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರಲು ಎಂಟು ತಿಂಗಳು ಸಿಗುತ್ತದೆ. ಎರಡು, ಸಾಗಣೆ. ಚಾಕಿ ಕೇಂದ್ರದಿಂದ ಹುಳು ತರುವವರು ಬಿಸಿಲೇರುವ ಮೊದಲೇ ಮನೆ ಮುಟ್ಟಿಸುತ್ತಾರೆ. ಬೆಂಗಳೂರಿನಿಂದ ಮೀನು ತರುವವರಲ್ಲಿ ಕೆಲವರು ಹೆದ್ದಾರಿಯ ಬಿಡದಿಯಲ್ಲಿ ಕಾರು ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನುತ್ತಾರೆ, ಮುಚ್ಚಿದ ಕಾರಿನೊಳಗೆ ಪ್ಲಾಸ್ಟಿಕ್ ಚೀಲ ಕಾಯುತ್ತಿರುತ್ತದೆ. ಬಿಡದಿಯ ಇಡ್ಲಿ ಎಲ್ಲಿಗೂ ಓಡಿಹೋಗದು. ಮೀನನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಸಂಜೆ ತನ್ನಿ, ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ಎರಡರ ಬಿಸಿ ಸಮವಾದ ಮೇಲೆ ಬಿಚ್ಚಿ.

ಇಷ್ಟು ಓದಿದ ಮೇಲೆ ಇನ್ನೂ ಮೂರು ಕೋರಿಕೆಗಳನ್ನು ನಡೆಸಿಕೊಡಿ. ಶಿವರಾತ್ರಿಗೆ ಮೊದಲು ಟ್ಯಾಂಕಿನ ಪಕ್ಕದ ಗೋಡೆಗೆ ಒಣ-ಒದ್ದೆ ಕಡ್ಡಿಯ ಥರ್ಮಾಮೀಟರ್ ತೂಗುಹಾಕಿ. ಟ್ಯಾಂಕಿನೊಳಗಿನ ಥರ್ಮಾಮೀಟರನ್ನು ಪುಡಿ ಮಾಡಿದ ಐಸು ತುಂಬಿದ ನೀರಿನಲ್ಲಿ ಅದ್ದಿ, ಸೊನ್ನೆ ತೋರಿಸುತ್ತದೆಯೇ ನೋಡಿ. ಎರಡು ಡಿಗ್ರಿ ಸುಳ್ಳು ಹೇಳುವ ಕಡ್ಡಿಯನ್ನು ನಂಬಿ ಚಿಲ್ಲರ್ ಕೊಂಡವರಿದ್ದಾರೆ. ಮೂರನೆಯದು, ಮಾರ್ಚ್‌ನಿಂದ ಮೇ ತನಕ ರಾತ್ರಿ ಒಂಬತ್ತಕ್ಕೂ ಬೆಳಿಗ್ಗೆ ಆರಕ್ಕೂ ಒಣ ಕಡ್ಡಿ, ಒದ್ದೆ ಕಡ್ಡಿ, ಟ್ಯಾಂಕಿನ ನೀರು ಈ ಮೂರು ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಕ್ಕೆ ಎಷ್ಟು ಲೀಟರ್ ತುಂಬಿದಿರಿ ಎಂಬುದೂ ಇರಲಿ.

ಜೂನ್‌ನಲ್ಲಿ ನಾಲ್ಕೂ ಊರಿನವರು ಆ ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟರೆ ಮಾಗಡಿಯ ಯಾವ ಮನೆಗೆ ಫ್ಯಾನ್ ಸಾಕು, ಕನಕಪುರದ ಯಾವ ತಾರಸಿಯ ಕೆಳಗೆ ಚಿಲ್ಲರ್ ಬೇಕು, ಚನ್ನಪಟ್ಟಣದ ಯಾವ ಬೀದಿಯ ನೀರಿಗೆ ಆರ್‌ಒ ಎರಡು ಸಲ ಬೇಕು ಎಂಬುದು ಅಂಕಿಗಳಲ್ಲೇ ಸಿಗುತ್ತದೆ. ಮುಂದಿನ ವರ್ಷ ಟ್ಯಾಂಕ್ ಇಡಲು ಬರುವ ಹೊಸಬರಿಗೆ ಕೊಡಲು ಈ ಸೀಮೆಯದೇ ಒಂದು ಲೆಕ್ಕ ಆಗ ನಿಮ್ಮ ಕೈಯಲ್ಲಿರುತ್ತದೆ.

ಇಂತಿ,
ನಿಮ್ಮ ಹಿತೈಷಿ